ಬೇಟೆಗಾಗಿ ಬಿಡುವ ಗಡ್ಡ

ನಾನಿರುವ ಮಿಷಿಗನ್ ರಾಜ್ಯದಲ್ಲಿ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಅವಧಿ ಪ್ರತಿವರ್ಷ ನವೆಂಬರ್ 15ಕ್ಕೆ ಆರಂಭವಾಗಿ 30ಕ್ಕೆ ಮುಗಿಯುತ್ತದೆ. ಯಾವ ವಾರ ಬಂದರೂ ತಾರೀಖು ಬದಲಾಗುವುದಿಲ್ಲ. ಉತ್ತರದ ಕಡೆಯ ಎಷ್ಟೋ ಶಾಲೆಗಳಿಗೆ ಅಂದು ರಜೆಯೇ ಇರುತ್ತದೆ. ಆದರೆ ಆ ದಿನ ಹತ್ತಿರವಾಗುತ್ತಿದೆಯೆಂಬುದು ಪಂಚಾಂಗಕ್ಕಿಂತ ಮೊದಲೇ ಗಂಡಸರ ಮುಖದಲ್ಲಿ ಗೊತ್ತಾಗುತ್ತದೆ. ಅಕ್ಟೋಬರ್ 1ಕ್ಕೆ ಬಿಲ್ಲಿನ ಬೇಟೆ ಶುರುವಾಗುವ ಹೊತ್ತಿಗೆ ನನ್ನ ಸಹೋದ್ಯೋಗಿಗಳಲ್ಲಿ ಹಲವರು ಕ್ಷೌರದ ಗೊಡವೆಯನ್ನೇ ಬಿಟ್ಟಿರುತ್ತಾರೆ.

ಕಾರಣ ಕೇಳಿದರೆ ಸಿದ್ಧ ಉತ್ತರಗಳಿವೆ. ಕೆನ್ನೆಗೆ ಚಳಿ ತಾಗುವುದಿಲ್ಲ, ಬೋಳು ಮುಖದ ಬಿಳುಪು ಪ್ರಾಣಿಗೆ ಕಾಣುವುದಿಲ್ಲ ಎನ್ನುತ್ತಾರೆ. ಚಳಿಯ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಆದರೆ ಬೆಳಗಿನ ಜಾವ ಮರದ ಮೇಲೆ ಅಲುಗಾಡದೆ ಕುಳಿತವನ ಉಸಿರು ಮೀಸೆಯಲ್ಲೇ ಮಂಜುಗಡ್ಡೆಯಾಗುವುದನ್ನು ಅವರು ಹೇಳುವುದಿಲ್ಲ. ಜಿಂಕೆ ಮನುಷ್ಯನನ್ನು ಪತ್ತೆ ಹಚ್ಚುವುದು ಕಣ್ಣಿಗಿಂತ ಹೆಚ್ಚಾಗಿ ಮೂಗಿನಿಂದ. ಕಿತ್ತಳೆ ಬಣ್ಣವನ್ನು ನಮ್ಮಂತೆ ಗುರುತಿಸಲು ಅದಕ್ಕೆ ಆಗುವುದಿಲ್ಲವಾದ್ದರಿಂದಲೇ ಕಾನೂನು ಬೇಟೆಗಾರರಿಗೆ ಕಣ್ಣು ಕುಕ್ಕುವ ಆ ಬಣ್ಣದ ಟೋಪಿಯನ್ನೋ ಅಂಗಿಯನ್ನೋ ತೊಡಿಸಿದರೂ ಬೇಟೆ ಕೆಡುವುದಿಲ್ಲ. ಹೀಗಿರುವಾಗ ಹೊಗೆ, ಕಾಫಿ, ಕರಿದ ಬೇಕನ್ ಎಲ್ಲದರ ವಾಸನೆಯನ್ನೂ ಹಿಡಿದಿಟ್ಟುಕೊಳ್ಳುವ ಗಡ್ಡ ಅಡ್ಡಿಯಲ್ಲದೆ ಅನುಕೂಲವಲ್ಲ. ವಾಸನೆಯಿಲ್ಲದ ಸಾಬೂನಿಗೆ ದುಡ್ಡು ಸುರಿಯುವವರು ಇದನ್ನು ಮಾತ್ರ ಮರೆಯುತ್ತಾರೆ.

ಬಿಲ್ಲುಗಾರರ ಪಾಡು ಇನ್ನೂ ತಮಾಷೆಯದು. ಹೆದೆಯನ್ನು ಬಾಯಂಚಿನವರೆಗೆ ಎಳೆದು, ಕೆನ್ನೆಗೆ ಆನಿಸಿ ಗುರಿ ಹಿಡಿಯಬೇಕು. ಬಿಟ್ಟ ಕ್ಷಣ ಅದು ನಾಲ್ಕಾರು ಕೂದಲನ್ನು ಕಿತ್ತುಕೊಂಡೇ ಹೋಗುತ್ತದೆ. ನಮ್ಮ ವಿಭಾಗದ ಒಬ್ಬರು ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಬಲಗೆನ್ನೆಯ ಗಡ್ಡವನ್ನಷ್ಟೇ ಕತ್ತರಿಯಿಂದ ಗಿಡ್ಡ ಮಾಡಿಕೊಳ್ಳುವುದು. ಎಡಗಡೆ ಋಷಿ, ಬಲಗಡೆ ಗುಮಾಸ್ತ ಎಂಬಂಥ ಆ ಮುಖದಲ್ಲಿ ಅವರು ಗಂಭೀರವಾಗಿ ಮೀಟಿಂಗಿಗೆ ಬರುತ್ತಾರೆ. ಪೂರ್ತಿ ಬೋಳಿಸುವ ಯೋಚನೆ ಅವರಿಗೆ ಬಂದಿಲ್ಲ.

ಇದನ್ನು ನೋಡಿ ನಗುವ ನಮ್ಮ ಕನ್ನಡದ ಗೆಳೆಯರಿಗೆ ನಾನು ಹೇಳುವುದಿಷ್ಟು: ಇದು ನಮಗೆ ಹೊಸದೇನೂ ಅಲ್ಲ. ಹೆಂಡತಿ ಗರ್ಭಿಣಿಯಾದಾಗ ಕ್ಷೌರ ಬಿಡುವವರು ನಮ್ಮಲ್ಲಿದ್ದಾರೆ, ಹರಕೆ ಹೊತ್ತು ಗಡ್ಡ ಬಿಡುವವರಿದ್ದಾರೆ. ಇನ್ನು ಶಬರಿಮಲೆಯ ಮಂಡಲ ಕಾಲ ಆರಂಭವಾಗುವುದು ವೃಶ್ಚಿಕ ಮಾಸದ ಮೊದಲ ದಿನ, ಎಂದರೆ ನವೆಂಬರ್ 16 ಅಥವಾ 17ರ ಸುಮಾರಿಗೆ. ಇಲ್ಲಿ ಬಂದೂಕಿನ ಬೇಟೆ ಶುರುವಾಗಿ ಒಂದೆರಡು ದಿನವೂ ಕಳೆಯದೆ ಅಲ್ಲಿ ಮಾಲೆ ಧರಿಸಿದವರು 41 ದಿನಗಳ ವ್ರತ ಹಿಡಿಯುತ್ತಾರೆ. ಅವರು ಮಾಂಸ ಬಿಡುತ್ತಾರೆ, ಇವರು ಮಾಂಸಕ್ಕಾಗಿಯೇ ಕಾಡಿಗೆ ಹೋಗುತ್ತಾರೆ ಎಂಬ ವ್ಯತ್ಯಾಸ ಸಣ್ಣದೇನಲ್ಲ, ಒಪ್ಪುತ್ತೇನೆ. ಆದರೂ ದಿನನಿತ್ಯದ ಮುಖವನ್ನು ಬಿಟ್ಟು, ತಾನು ಬೇರೊಂದು ಕೆಲಸಕ್ಕೆ ಸಲ್ಲುವವನು ಎಂದು ಮನೆಗೂ ಕಚೇರಿಗೂ ಸಾರುವ ಆಸೆ ಎರಡರಲ್ಲೂ ಒಂದೇ. ಉಪಯೋಗದ ನೆಪ ಬಿಟ್ಟು ಇದು ವ್ರತವೆಂದೇ ಒಪ್ಪಿಕೊಂಡರೆ ನನ್ನ ತಕರಾರೇನೂ ಇಲ್ಲ.

ತಕರಾರಿರುವುದು ಗಡ್ಡವನ್ನಷ್ಟೇ ಬೆಳೆಸುವವರ ಬಗ್ಗೆ. 1960ರ ಜನವರಿ 1 ಅಥವಾ ಅನಂತರ ಹುಟ್ಟಿದವರು ಸುರಕ್ಷತಾ ತರಬೇತಿ ಪಡೆದೇ ಇಲ್ಲಿ ಬೇಟೆಯ ಪರವಾನಗಿ ಕೊಳ್ಳಬೇಕು; ಆದರೆ ಒಮ್ಮೆ ಪಡೆದ ಮೇಲೆ ಪ್ರತಿವರ್ಷ ಗುರಿ ಅಭ್ಯಾಸಕ್ಕೆ ಹೋಗುವಂತೆ ಒತ್ತಾಯಿಸುವವರಿಲ್ಲ. ವರ್ಷವಿಡೀ ಕಪಾಟಿನಲ್ಲಿದ್ದ ರೈಫಲನ್ನು ಒಮ್ಮೆಯಾದರೂ ಗುರಿಗೆ ಹೊಂದಿಸಿ ನೋಡದೆ, ಗಡ್ಡಕ್ಕೆ ಎಣ್ಣೆ ಸವರಿಕೊಂಡು ಕಾಡಿಗೆ ಹೋಗಿ, ಜಿಂಕೆಯ ಹೊಟ್ಟೆಗೆ ಈಡು ಹೊಡೆದು, ಅದು ನರಳುತ್ತ ಪೊದೆ ಸೇರಿದರೆ ಹುಡುಕಲಾರದೆ ಬರುವವನ ವ್ರತಕ್ಕೆ ನಾನು ಕವಡೆ ಕಿಮ್ಮತ್ತೂ ಕೊಡುವುದಿಲ್ಲ.

ಮನೆಯ ಹೆಂಗಸರ ತಕರಾರು ಬೇರೆಯೇ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ನವೆಂಬರಿನ ನಾಲ್ಕನೆಯ ಗುರುವಾರ, ಅಂದರೆ ಬೇಟೆಯ ನಡುವೆಯೇ ಬೀಳುತ್ತದೆ. ಕುಟುಂಬದ ಫೋಟೋದಲ್ಲಿ ಗಂಡ ಮನುಷ್ಯನಂತೆ ಕಾಣಲಿ ಎನ್ನುವುದು ಅವರ ನ್ಯಾಯವಾದ ಬೇಡಿಕೆ. 30ಕ್ಕೆ ತೆಗೆಯುತ್ತೇನೆ ಎಂಬ ವಾಗ್ದಾನ ಸಿಗುತ್ತದೆ. ಆದರೆ ಡಿಸೆಂಬರ್ 1ರಿಂದ ಬಿಲ್ಲಿನ ಬೇಟೆಗೆ ಮತ್ತೆ ಅವಕಾಶವಿರುವುದರಿಂದ ಕ್ಷೌರ ಸಾಮಾನ್ಯವಾಗಿ ಹೊಸ ವರ್ಷಕ್ಕೆ ಮುಂದೂಡಲ್ಪಡುತ್ತದೆ.