ಮುಟ್ಟಲಾಗದ ದುಡ್ಡಿನ ಲೆಕ್ಕ

2024ರ ನವೆಂಬರ್. ಅಪ್ಪನನ್ನು ಕರಕೊಂಡು ಟಿಳಕವಾಡಿಯ ಬ್ಯಾಂಕಿಗೆ ಹೋಗಿದ್ದೆ. ಪಿಂಚಣಿಯವರೆಲ್ಲ ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ತೋರಿಸಬೇಕಲ್ಲ, ಆ ಸಾಲು. ಬೆಳಗಾವಿ ಚಳಿಗೆ ಅಪ್ಪ ಮಫ್ಲರ್ ಸುತ್ತಿಕೊಂಡು ಯಂತ್ರದ ಮೇಲೆ ಬೆರಳೊತ್ತುತ್ತಿದ್ದರು. ಮಾಸ್ತರಿಕೆ ಮಾಡಿ ಸವೆದ ಬೆರಳು, ಮೂರು ಸಲ ಒತ್ತಿದರೂ ಗುರುತು ಬೀಳಲಿಲ್ಲ. ಅಷ್ಟರಲ್ಲಿ ನನ್ನ ಫೋನಿಗೆ ಆದಾಯ ತೆರಿಗೆ ಇಲಾಖೆಯ ಮೆಸೇಜು ಬಂತು. ವಿದೇಶದಲ್ಲಿ ನಿಮ್ಮ ಹೆಸರಿನಲ್ಲಿ ಖಾತೆ ಇದೆ, ರಿಟರ್ನ್ ಒಮ್ಮೆ ನೋಡಿಕೊಳ್ಳಿ ಅಂತ.

ನಂದೆಂಥ ವಿದೇಶಿ ಖಾತೆ? 12 ವರ್ಷ ಅಮೆರಿಕದಲ್ಲಿ ದುಡಿದೆ. ಸಂಬಳದಲ್ಲಿ ಮುರಿದುಕೊಂಡ 401ಕೆ, ಅಂದರೆ ಅಲ್ಲಿನ ನಿವೃತ್ತಿ ಉಳಿತಾಯದ ದುಡ್ಡು, ಅಲ್ಲೇ ಉಳಿದಿದೆ. ಐವತ್ತೊಂಬತ್ತೂವರೆ ವಯಸ್ಸಾಗುವ ಮೊದಲು ತೆಗೆದರೆ ಅಲ್ಲಿನ ತೆರಿಗೆಯ ಮೇಲೆ ಇನ್ನೂ 10% ದಂಡ. ಹಾಗಾಗಿ ಮುಟ್ಟಿಲ್ಲ.

2021ರ ಜೂನ್‌ನಲ್ಲಿ ವಾಪಸ್ ಬಂದೆ. ಮೊದಲ ಎರಡು ವರ್ಷ ನಾನು ಆರ್‌ಎನ್‌ಒಆರ್. ಅಂದರೆ ಇಲ್ಲಿ ವಾಸವಿದ್ದರೂ ಪೂರ್ತಿ ನಿವಾಸಿ ಅಲ್ಲ, ಹೊರಗಿನ ಆಸ್ತಿ ತೋರಿಸಬೇಕಿಲ್ಲ. ಮೂರನೇ ವರ್ಷಕ್ಕೆ ಆ ರಿಯಾಯಿತಿ ಸದ್ದಿಲ್ಲದೆ ಮುಗಿಯಿತು. ನನ್ನ ತೆರಿಗೆ ಲೆಕ್ಕ ನೋಡುವವರಿಗೆ 401ಕೆ ವಿಷಯ ಹೇಳಿದ್ದೆ. “ಪಿಎಫ್ ಇದ್ದಂಗ ಅಲ್ರೀ ಅದು? ಸಂಬಳ ಒಂದ ಐತಿ, ಐಟಿಆರ್-1 ಸಾಕ್ ಬಿಡ್ರಿ” ಅಂದರು. ನಾನೂ ಸುಮ್ನೆ ತಲೆಯಾಡಿಸಿದೆ. ಐಟಿಆರ್-1 ಅಂದರೆ ರಿಟರ್ನಿನ ಅತಿ ಸರಳ ಫಾರ್ಮು, ಹೊರದೇಶದ ಖಾತೆ ಇದ್ದವರು ಅದನ್ನು ಹಾಕುವಂತೆಯೇ ಇಲ್ಲ!

ಡಿಸೆಂಬರ್ 31ರೊಳಗೆ ಐಟಿಆರ್-2ರಲ್ಲಿ ತಿದ್ದಿ ಹಾಕಿದೆ. ಅದರಲ್ಲಿ ಹೊರದೇಶದ ಆಸ್ತಿ ಬರೆಯುವ ಭಾಗ, ಶೆಡ್ಯೂಲ್ ಎಫ್‌ಎ ತುಂಬಿಸಿ ನೋಡಬೇಕು ನೀವು. ನಮ್ಮ ಆದಾಯದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್, ಇದೊಂದು ಮಾತ್ರ ಜನವರಿಯಿಂದ ಡಿಸೆಂಬರ್. ವರ್ಷದಲ್ಲಿ ಖಾತೆ ಅತಿ ಜಾಸ್ತಿ ಎಷ್ಟಿತ್ತು, ಕೊನೆಗೆ ಎಷ್ಟಿತ್ತು, ಎಲ್ಲ ಬೇಕು. ಡಾಲರನ್ನು ರೂಪಾಯಿ ಮಾಡಲು ಆಯಾ ದಿನದ ಎಸ್‌ಬಿಐ ಟಿಟಿ ಬೈಯಿಂಗ್ ರೇಟು, ಅಂದರೆ ಬ್ಯಾಂಕು ಡಾಲರ್ ಕೊಳ್ಳುವ ದರ, ಹುಡುಕಬೇಕು. ಎರಡು ರಾತ್ರಿ, ಅರ್ಧ ಡಬ್ಬಿ ಕುಂದಾ ಖಾಲಿ.

ತೋರಿಸು ಅನ್ನುವುದಕ್ಕೆ ನನ್ನ ತಕರಾರಿಲ್ಲ. ನನಗೆ ಚುಚ್ಚಿದ್ದು ಆ ಕಾಯ್ದೆಯ ಹೆಸರು. ತೋರಿಸದಿದ್ದರೆ 10 ಲಕ್ಷ ದಂಡ ಹಾಕುವುದು 2015ರ ಕಪ್ಪು ಹಣ ಕಾಯ್ದೆ. ಪೇಸ್ಲಿಪ್‌ನಲ್ಲಿ ಪೈಸೆ ಪೈಸೆ ಬರೆದಿಟ್ಟು ಮುರಿದ ದುಡ್ಡು ಯಾವ ಬಾಯಲ್ಲಿ ಕಪ್ಪು ಆಯ್ತು? 2024ರ ಅಕ್ಟೋಬರ್‌ನಿಂದ ಮನೆ-ಜಾಗ ಬಿಟ್ಟು ಉಳಿದದ್ದು 20 ಲಕ್ಷದೊಳಗಿದ್ದರೆ ಈ ದಂಡ ಇಲ್ಲ. ಒಳ್ಳೆಯದೇ. ಆದರೆ 12 ವರ್ಷದ ಪಿಂಚಣಿ ದುಡ್ಡು ಆ ಗೆರೆ ದಾಟದೆ ಇರುತ್ತದಾ?

ಇನ್ನೊಂದು ಇದೆ, ಅದನ್ನು ಯಾರೂ ಹೇಳುವುದಿಲ್ಲ. 1961ರ ಹಳೆಯ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 89ಎ. ಅಮೆರಿಕ, ಬ್ರಿಟನ್, ಕೆನಡಾದ ಪಿಂಚಣಿ ಖಾತೆಗಳಿಗಾಗಿಯೇ 2021ರ ಬಜೆಟ್ಟಿನಲ್ಲಿ ತಂದದ್ದು. ಖಾತೆಯಲ್ಲಿ ವರ್ಷವರ್ಷ ಬೆಳೆದದ್ದಕ್ಕೆ ಈಗಲೇ ತೆರಿಗೆ ಬೇಡ, ಆ ದೇಶ ತೆರಿಗೆ ಹಾಕುವ ವರ್ಷವೇ ಇಲ್ಲೂ ಕಟ್ಟಬಹುದು. ಎಷ್ಟು ನ್ಯಾಯದ ಮಾತು ಅಲ್ವಾ? ಆದರೆ ಅದಕ್ಕೆ ಫಾರ್ಮ್ 10-ಇಇ ಕೊಡಬೇಕಿತ್ತು, ಅದೂ ರಿಟರ್ನ್‌ನ ಕೊನೆಯ ದಿನದೊಳಗೆ. ನನಗೆ ಗೊತ್ತಾಗುವಷ್ಟರಲ್ಲಿ ಜುಲೈ ದಾಟಿ ಐದು ತಿಂಗಳಾಗಿತ್ತು. ತಕರಾರು ಬೇಡ ಅಂತ ಆ ವರ್ಷ ಕೈಗೆ ಬಾರದ ದುಡ್ಡಿಗೆ ಕೈಯಿಂದ ತೆರಿಗೆ ಕಟ್ಟಿದೆ.

ಮುಂದಿನ ವರ್ಷ ಫಾರ್ಮ್ ಹಾಕಿದೆ. ಒಮ್ಮೆ ಹಾಕಿದರೆ ವಾಪಸ್ ತೆಗೆಯುವಂತಿಲ್ಲ. ಮತ್ತೆ ವಿದೇಶಕ್ಕೆ ಹೋಗಿ ಅನಿವಾಸಿಯಾದರೆ ಹಾಕಿಯೇ ಇಲ್ಲ ಅಂತ ಲೆಕ್ಕ, ಅಲ್ಲಿವರೆಗಿನ ಬೆಳವಣಿಗೆಗೆಲ್ಲ ತೆರಿಗೆ ಬೀಳುತ್ತದೆ. ಹಾಗಾಗಿ ಬರುವವರು ಬಂದ ದಿನವೇ ವರ್ಷ ಎಣಿಸಿಟ್ಟುಕೊಳ್ಳಿ. ಲೆಕ್ಕ ನೋಡುವವರಿಗೆ ‘ಹೊರದೇಶದ ಪಿಂಚಣಿ ಖಾತೆಯ ಫಾರ್ಮ್’ ಅಂತ ಬಿಡಿಸಿಯೇ ಕೇಳಿ.

ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಅವರಿಗೆ ಪಿಂಚಣಿ ಅಂದರೆ ತಿಂಗಳ ಮೊದಲಲ್ಲಿ ಪಾಸ್‌ಬುಕ್ಕಿನಲ್ಲಿ ಬೀಳುವ ಒಂದು ಸಾಲು. ಪೂರ್ತಿ ಕೇಳಿ, “ಹಂಗಾರ ನೀನೂ ವರ್ಷಾ ವರ್ಷಾ ಬೆರಳ ಒತ್ತಬೇಕಂದಂಗಾತು” ಅಂದರು.