ಮಣಿಕಟ್ಟಿನ ಪಂಚಾಂಗ

ಸೀಸನ್ನಿನ ಭಾನುವಾರ ಸಂಜೆ ಪಣಜಿಯ ಬಸ್ ನಿಲ್ದಾಣದಲ್ಲಿ ಬೆಳಗಾವಿ ಬಸ್ಸಿಗೆ ಕಾಯುವವರ ಪೈಕಿ ಒಬ್ಬಿಬ್ಬರ ಹಣೆಯ ಮೇಲೆ ಮಾಸ್ಕಿನ ಗೆರೆ ಇನ್ನೂ ಕೆಂಪಗೆ ಇರುತ್ತದೆ. ಬೆಳಿಗ್ಗೆ ಗ್ರಾಂಡೆ ದ್ವೀಪದ ಹತ್ತಿರ ಎರಡು ಸ್ಕೂಬಾ ಡೈವ್, ಮಧ್ಯಾಹ್ನ ಮೀನೂಟ, ರಾತ್ರಿ ಮನೆ. ಮಣಿಕಟ್ಟಿನಲ್ಲಿ ಡೈವ್ ಕಂಪ್ಯೂಟರು, ಇಳಿದ ಆಳ, ಹೊತ್ತು, ಮೈಗೇರಿದ ನೈಟ್ರೋಜನ್ನಿನ ಲೆಕ್ಕ ಇಡುವ ಗಡಿಯಾರದಂಥ ಯಂತ್ರ. ಅದರ ಮೂಲೆಯಲ್ಲಿ ಪುಟ್ಟದೊಂದು ವಿಮಾನ, ಪಕ್ಕದಲ್ಲಿ ಇನ್ನೂ ಹದಿನಾಲ್ಕೋ ಹದಿನೆಂಟೋ ಗಂಟೆ: ಅಷ್ಟು ಹೊತ್ತು ವಿಮಾನ ಹತ್ತಬೇಡ ಎಂದರ್ಥ. ಆ ಕಡೆ ಬೆರಳು ತೋರಿಸಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: "ಅದು ವಿಮಾನಕ್ಕ ಹೇಳೇತ್ರಿ ಸರ. ನಾವು ಬಸ್ಸಿನ್ಯಾಗ ಹೊಂಟೀವಲ್ಲ?"

ವಾದದಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ಚಿತ್ರದಲ್ಲಿರುವುದು ವಿಮಾನವೇ. ಎಲ್ಲೋ ದೂರದ ದೇಶದಲ್ಲಿ ಕೂತು ಅದನ್ನು ಬರೆದ ಪುಣ್ಯಾತ್ಮನಿಗೆ ಬೆಳಗಾವಿಯ ದಾರಿಯಲ್ಲಿ ಚೋರ್ಲಾ ಘಾಟ್ ಎಂಬುದೊಂದಿದೆ ಎಂದು ಯಾರು ಹೇಳಬೇಕಿತ್ತು? ಪಂಚಾಂಗವಾದರೂ ಪ್ರಯಾಣಕ್ಕೆ ಒಳ್ಳೆಯದಲ್ಲ ಅಂದರೆ ಎತ್ತಿನಗಾಡಿಯನ್ನೂ ರೈಲನ್ನೂ ಸೇರಿಸಿಯೇ ಹೇಳುತ್ತದೆ. ಘಾಟಿನ ನೆತ್ತಿ ಸುಮಾರು 800 ಮೀಟರ್, ಬೆಳಗಾವಿ ಸುಮಾರು 750. ಅಲ್ಲಿ ಗಾಳಿಯ ಒತ್ತಡ ಕಡಲಂಚಿಗಿಂತ ನೂರಕ್ಕೆ ಎಂಟೊಂಬತ್ತರಷ್ಟು ಕಡಿಮೆ. ಡೈವರ್‌ಗಳ ಸುರಕ್ಷತೆಗೆಂದೇ ಇರುವ ಡ್ಯಾನ್ ಸಂಸ್ಥೆಯ ವಿಮಾನ ಸೂತ್ರ ಶುರುವಾಗುವುದೇ 600 ಮೀಟರ್ ಎತ್ತರಕ್ಕೆ ಸಮನಾದ ಒತ್ತಡದಿಂದ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ ಕಾಯಬೇಕು, ಒಂದಕ್ಕಿಂತ ಹೆಚ್ಚಾಗಿದ್ದರೆ 18. ಆಳದಲ್ಲಿ ಉಸಿರಾಡಿದ ನೈಟ್ರೋಜನ್ ರಕ್ತದಲ್ಲಿ ಕರಗಿ ಕೂತಿರುತ್ತದೆ, ಹೊರಗಿನ ಒತ್ತಡ ಬೇಗ ಇಳಿದರೆ ಗುಳ್ಳೆಯಾಗುತ್ತದೆ. ಅದಕ್ಕೆ ಟಿಕೆಟ್ ಯಾವುದರದ್ದು ಎಂದು ತಿಳಿಯುವುದಿಲ್ಲ. ಕಾರವಾರ, ಕುಮಟಾ, ಮಂಗಳೂರಿನವರು ಮಡಗಾಂವಿನಲ್ಲಿ ರೈಲು ಹತ್ತಿ ಕಡಲಂಚಿನಲ್ಲೇ ಹೋಗುತ್ತಾರೆ, ಅವರಿಗೆ ಈ ತಲೆಬಿಸಿ ಇಲ್ಲ. ಇರುವುದು ಘಟ್ಟದ ಮೇಲಿನವರಿಗೆ. ಗೋವಾದ ಡೈವ್‌ಗಳು ಆಳವಿಲ್ಲದವು, ಅಪಾಯ ಸಣ್ಣದು, ಒಪ್ಪಿದೆ. ಆದರೆ ಅಪಾಯ ಸಣ್ಣದು ಎಂಬ ಲೆಕ್ಕ ಹಾಕಿ ಬಸ್ಸು ಹತ್ತಿದವರು ಬೇರೆ, ಬಸ್ಸಿನ ಚಿತ್ರ ಇಲ್ಲ ಎಂದು ಹತ್ತಿದವರು ಬೇರೆ.

ಆ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಕೆಲವು ಯಂತ್ರಗಳು ನಿಜಕ್ಕೂ ಲೆಕ್ಕ ಹಾಕುತ್ತವೆ. ಕೆಲವು ನೀರಿನಿಂದ ಎದ್ದ ತಕ್ಷಣ 24ರಿಂದ ಹಿಂದಕ್ಕೆ ಎಣಿಸುತ್ತವೆ ಅಷ್ಟೆ, ಇಳಿದದ್ದು 6 ಮೀಟರ್ ಆಗಲಿ 36 ಆಗಲಿ. ಯಾವುದು ಯಾವ ಜಾತಿ ಎಂಬುದು ಕೈಪಿಡಿಯಲ್ಲಿ ಬರೆದಿರುತ್ತದೆ. ಕೈಪಿಡಿಯನ್ನು ಡಬ್ಬಿಯ ಜೊತೆ ರದ್ದಿಗೆ ಹಾಕಿರುತ್ತೇವೆ.

ಈ ಲೆಕ್ಕವೆಲ್ಲ ಮೊದಲು ಹುಟ್ಟಿದ್ದು ಆಡಿನ ಕಾಲಿನಿಂದ. ಬ್ರಿಟಿಷ್ ನೌಕಾಪಡೆಯವರು ಕೇಳಿದರೆಂದು ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಆಡುಗಳನ್ನು ಉಕ್ಕಿನ ಕೋಣೆಗೆ ಹೊಗಿಸಿ, ಒತ್ತಡ ಏರಿಸಿ, ಇಳಿಸಿ, ನೋಡುತ್ತ ಕೂತರು. ಗಂಟುಗಳಲ್ಲಿ ಗುಳ್ಳೆಯ ನೋವು ಬಂದ ಆಡು ಮುಂಗಾಲನ್ನು ಎತ್ತಿ ಹಿಡಿಯುತ್ತಿತ್ತು. ಅದನ್ನೆಲ್ಲ ಬರೆದು, ಎಷ್ಟು ಆಳದಿಂದ ಹೇಗೆ ಮೇಲೇರಬೇಕು ಎಂಬ ಕೋಷ್ಟಕದ ಜೊತೆ 1908ರಲ್ಲಿ ಪ್ರಕಟಿಸಿದರು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಸಮುದ್ರದ ಕೋಷ್ಟಕವನ್ನೂ ಅದು ಬಿಡಲಿಲ್ಲ. ನೈಟ್ರೋಜನ್ ಹೀರುವ, ಬಿಡುವ ವೇಗ ನೋಡಿ ಹಾಲ್ಡೇನ್ ಲೆಕ್ಕಕ್ಕೆಂದು ದೇಹವನ್ನು ಐದು ಭಾಗ ಮಾಡಿಕೊಂಡಿದ್ದರು. ಆಮೇಲೆ ಜೂರಿಕ್‌ನ ವೈದ್ಯ ಬ್ಯೂಲ್‌ಮನ್ ಹದಿನಾರು ಮಾಡಿದರು. ಅದರಲ್ಲಿ ಅತಿ ನಿಧಾನದ ಭಾಗಕ್ಕೆ ಸೇರಿದ ನೈಟ್ರೋಜನ್ ಅರ್ಧ ಖಾಲಿಯಾಗಲು 635 ನಿಮಿಷ ಬೇಕು, ಹತ್ತೂವರೆ ಗಂಟೆಯ ಮೇಲೆ. ಬೆಳಗಾವಿ ಬಸ್ಸು ಅಷ್ಟು ಹೊತ್ತು ಕಾಯುವುದಿಲ್ಲ.

ಗೋವಾದಲ್ಲಿ ಈ ಯಂತ್ರ ಬೇಕೇ ಎಂಬ ಪ್ರಶ್ನೆಗೆ ಬರಲೇಬೇಕು, ಬರುತ್ತೇನೆ. ಇಲ್ಲಿನ ನೀರಿನಲ್ಲಿ ಹತ್ತು ಹನ್ನೆರಡು ಮೀಟರಿನಲ್ಲಿ ಇನ್ನೆಷ್ಟು ಹೊತ್ತು ಇರಬಹುದು ಎಂಬ ಜಾಗದಲ್ಲಿ ಪರದೆ 99 ನಿಮಿಷ ಅಂತ ತೋರಿಸುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೂ 99. ಅದಕ್ಕಿಂತ ದೊಡ್ಡ ಸಂಖ್ಯೆಗೆ ಅಲ್ಲಿ ಜಾಗವಿಲ್ಲ. ಅಷ್ಟರಲ್ಲಿ ಗಾಳಿಯೇ ಮುಗಿಯುತ್ತದೆ: 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರು, 200 ಬಾರ್ ಒತ್ತಡಕ್ಕೆ ತುಂಬಿದೆ, ಕೊನೆಯ 50 ಬಾರ್ ಮುಟ್ಟಬಾರದು, ಉಳಿದದ್ದು 1650 ಲೀಟರ್. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಎಳೆಯುವವನು, ಒತ್ತಡ ಇಮ್ಮಡಿಯಾಗುವ 10 ಮೀಟರಿನಲ್ಲಿ 40 ಎಳೆಯುತ್ತಾನೆ. ನಲವತ್ತು ನಿಮಿಷಕ್ಕೆ ಆಟ ಮುಗಿಯಿತು. ಹೊಸಬರು ಇನ್ನೂ ಬೇಗ ಮುಗಿಸುತ್ತಾರೆ.

ಯಾವ ಕೈಗೆ ಕಟ್ಟಬೇಕು ಎಂಬುದೂ ಒಂದು ಜಗಳ. ನಾನು ಬಲಗೈ ಪಕ್ಷ. ತೇಲಿಸುವ ಜಾಕೆಟ್ಟಿನ ಗಾಳಿ ಬಿಡಲು ಎತ್ತುವುದು ಎಡಗೈ. ಯಂತ್ರಕ್ಕೆ ಗೊತ್ತಿರುವುದು ತನ್ನ ಮೇಲಿನ ಒತ್ತಡ ಮಾತ್ರ. ಎರಡು ಸೆಕೆಂಡಿನಲ್ಲಿ ಕೈ 80 ಸೆಂಟಿಮೀಟರ್ ಮೇಲೆ ಹೋದರೆ, ನಿಮಿಷಕ್ಕೆ 24 ಮೀಟರ್ ವೇಗದಲ್ಲಿ ಇಡೀ ಮನುಷ್ಯನೇ ಮೇಲಕ್ಕೆ ಹಾರಿದ ಎಂದು ಅದು ಬೊಬ್ಬೆ ಹೊಡೆಯುತ್ತದೆ. ಈಗ ಸಾಮಾನ್ಯವಾಗಿ ಒಪ್ಪಿರುವುದು ನಿಮಿಷಕ್ಕೆ 9–10 ಮೀಟರ್. ಮೇಲೇಳುವ ಮೊದಲು ಸುರಕ್ಷತೆಗೆಂದು ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಾದಾಗಲೂ ಇದೇ ಗೋಳು. ಅಲೆ ಎತ್ತಿ ಇಳಿಸಿದಂತೆಲ್ಲ ಎಣಿಕೆ ನಿಲ್ಲುತ್ತದೆ, ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ.

ಇನ್ನು ಬ್ಯಾಟರಿ. ಹೇಳಬೇಕಾದದ್ದು ಬಹಳವಿದೆ, ಯಾಕೆಂದರೆ ಹಾಳಾದ ಯಂತ್ರಗಳಲ್ಲಿ ಸಮುದ್ರದ ಪಾಲು ಕಡಿಮೆ, ಮುಚ್ಚಳ ತೆಗೆದವರದ್ದೇ ಹೆಚ್ಚು.

ಮಳೆಗಾಲ ಪೂರ್ತಿ ಕಪಾಟಿನಲ್ಲಿ ಮಲಗಿದ್ದು ಅಕ್ಟೋಬರಿನಲ್ಲಿ ಎದ್ದಾಗ ಬ್ಯಾಟರಿ ಚಿಹ್ನೆ ಮಿನುಗುತ್ತದೆ. ಮಲ್ಟಿಮೀಟರ್ ಇಟ್ಟರೆ 3 ವೋಲ್ಟ್ ತೋರಿಸುತ್ತದೆ, "ಚೆನ್ನಾಗೇ ಇದೆ" ಅನ್ನುತ್ತಾರೆ. ಚೆನ್ನಾಗಿಲ್ಲ. ಲಿಥಿಯಂ ನಾಣ್ಯ ಸೆಲ್ಲು ಕೊನೆಯವರೆಗೂ ಮುಖ ಕೆಡಿಸಿಕೊಳ್ಳುವುದಿಲ್ಲ. ಒಳಗಿನ ರೋಧ ಮಾತ್ರ ಏರುತ್ತ ಹೋಗುತ್ತದೆ. ಸುಮ್ಮನಿದ್ದಾಗ 3 ವೋಲ್ಟ್, ಹಿಂಬೆಳಕೂ ಬೀಪೂ ಒಟ್ಟಿಗೆ ಬಂದಾಗ ದಿಢೀರನೆ ಕುಸಿತ, ನೀರೊಳಗೆ ಪರದೆ ಖಾಲಿ. ಹೊಸದನ್ನು ತರುವಾಗ ಅಂಕಿ ನೋಡಿ ತರಬೇಕು. ಸಿಆರ್ 2450 ಅಂದರೆ 24.5 ಮಿ.ಮೀ. ಅಗಲ, 5 ಮಿ.ಮೀ. ದಪ್ಪ. ಸಿಆರ್ 2430 ಅಷ್ಟೇ ಅಗಲ, 3 ಮಿ.ಮೀ. ದಪ್ಪ. ಅಂಗಡಿಯವನು "ಎರಡೂ ಒಂದೇ ಸೈಜು" ಎಂದು ತೆಳ್ಳಗಿನದನ್ನು ಕೊಟ್ಟು, ಸಂಪರ್ಕ ಸಿಗಲಿ ಎಂದು ಅಡಿಗೆ ಬೆಳ್ಳಿ ಕಾಗದ ಮಡಚಿ ಇಡುತ್ತಾನೆ. ಅವನಿಗೆ ಅದು ಗೋಡೆ ಗಡಿಯಾರ.

ಡೈವ್ ಮುಗಿಸಿದ ಸಂಜೆ ಬದಲಿಸಬೇಡಿ. ಅನೇಕ ಯಂತ್ರಗಳಲ್ಲಿ ಸೆಲ್ ತೆಗೆದರೆ ಮೈಯಲ್ಲಿ ಉಳಿದ ನೈಟ್ರೋಜನ್ನಿನ ಲೆಕ್ಕವೂ ಅಳಿಸಿಹೋಗುತ್ತದೆ. ಮರುದಿನ ಅದು ನಿಮ್ಮನ್ನು ನೀರನ್ನೇ ಕಾಣದವರಂತೆ ಇಳಿಸುತ್ತದೆ. ಎರಡು ದಿನ ಒಣಗಿ ಕೂತ ಮೇಲೆ ಕೈಹಾಕಿ. ಅದೂ ಎಸಿ ಕೋಣೆಯಲ್ಲಿ. ಗೋವಾದ ಜುಲೈ ಗಾಳಿಯನ್ನು ಒಳಗೆ ಕೂಡಿಹಾಕಿ ಮುಚ್ಚಳ ಬಿಗಿದರೆ, ತಣ್ಣನೆಯ ನೀರಿಗೆ ಇಳಿದಾಗ ಗಾಜಿನ ಒಳಮೈ ಮಬ್ಬಾಗುತ್ತದೆ. ಆಗ ಸೋರಿದೆ ಎಂದು ಹೆದರಿ ಮತ್ತೆ ಬಿಚ್ಚುತ್ತಾರೆ, ಆಗ ನಿಜವಾಗಿ ಸೋರುತ್ತದೆ.

ಮುಚ್ಚಳದ ರಬ್ಬರ್ ಬಳೆ, ಅಂದರೆ ಓ-ರಿಂಗ್, ತೆಗೆಯಲು ಪಿನ್ನು ಬೇಡ, ಹಳೆ ಎಟಿಎಂ ಕಾರ್ಡಿನ ಮೂಲೆ ಸಾಕು. ರಬ್ಬರು ಹರಿದರೆ ಹೊಸದು ಸಿಗುತ್ತದೆ, ಅದು ಕೂರುವ ತೋಡಿಗೆ ಗೀರು ಬಿದ್ದರೆ ಏನೂ ಸಿಗುವುದಿಲ್ಲ. ತೋಡನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ರೆಪ್ಪೆಯ ಒಂದು ಕೂದಲು, ಮರಳಿನ ಒಂದು ಕಣ, ಉಪ್ಪಿನ ಒಂದು ಹರಳು, ಯಾವುದಿದ್ದರೂ ನೀರಿಗೆ ದಾರಿಯಾಯಿತು. ಬೆಕ್ಕು ಸಾಕಿದವರು ಎರಡು ಸಲ ನೋಡಿ. ಹೊಸ ರಿಂಗಿಗೆ ಕಂಪನಿ ಹೇಳಿದ ಗ್ರೀಸ್, ಹೊಳಪು ಬರುವಷ್ಟು ಮಾತ್ರ. ನೀರು ತಡೆಯುವುದು ರಬ್ಬರು, ಗ್ರೀಸಲ್ಲ. ಗ್ರೀಸಿನ ಕೆಲಸ ರಬ್ಬರು ಮಡಚದಂತೆ ಜಾರಿ ಕೂರಿಸುವುದು. ದಂಡಿಯಾಗಿ ಹಚ್ಚಿದರೆ ಮರಳನ್ನು ಕರೆದು ಕೂರಿಸುತ್ತದೆ. ರಿಂಗೇ ಸಿಲಿಕೋನಿನದಾಗಿದ್ದರೆ ಸಿಲಿಕೋನ್ ಗ್ರೀಸಿಗೆ ಊದಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವ ಮಹಾನುಭಾವರೂ ಇದ್ದಾರೆ, ಅವರ ಹತ್ತಿರ ಮಾತಾಡಿ ಪ್ರಯೋಜನವಿಲ್ಲ.

ಮುಚ್ಚಿದ ಮೇಲೆ ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡುವುದು ಒಳ್ಳೆಯದೇ. "ಬಕೆಟ್ಟಿನ ಒಂದಡಿ ನೀರು ಏನು ಪರೀಕ್ಷೆ, ಸಮುದ್ರ ಹತ್ತಾಳು ಆಳ" ಎಂದು ನಗುವವರಿರುತ್ತಾರೆ. ಆಳದಲ್ಲಿ ನೀರೇ ರಿಂಗನ್ನು ಅದುಮಿ ಬಿಗಿ ಮಾಡುತ್ತದೆ. ಸಡಿಲ ಕೂತ ರಿಂಗು ಸೋರುವುದು ಹೆಚ್ಚಾಗಿ ಮೇಲಿನ ಒಂದು ಮೀಟರಿನಲ್ಲೇ, ದೋಣಿಯ ಪಕ್ಕದಲ್ಲಿ ತೇಲುತ್ತ ಜೊತೆಗಾರನಿಗೆ ಕಾಯುವಾಗ.

ಡೈವ್ ಮುಗಿದ ಮೇಲೆ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ತೆಗೆದು, ಒರೆಸಿ. ಡ್ರಮ್ಮಿನಲ್ಲೇ ಬಿಟ್ಟು ಊಟಕ್ಕೆ ಹೋಗಬೇಡಿ. ನೀರು ತಾಗಿದರೆ ಏಳುವ ಯಂತ್ರ ಅದು, ಡ್ರಮ್ಮಿನೊಳಗೆ ಎಚ್ಚರವಾಗಿಯೇ ಇದ್ದು ಸೆಲ್ಲನ್ನು ತಿನ್ನುತ್ತದೆ. ಉಪ್ಪು ಹಿಡಿದ ಒದ್ದೆ ಟವೆಲ್ಲಿನಲ್ಲಿ ಸುತ್ತಿಟ್ಟರೂ ಇದೇ ಕಥೆ. ಒತ್ತಡ ಅಳೆಯುವ ತೂತುಗಳಲ್ಲಿ ಉಪ್ಪು ಕಂಡರೆ ಮತ್ತೆ ನೆನೆಸಿ. ಪಿನ್ನು ಚುಚ್ಚುವುದೂ ಸಿಲಿಂಡರಿನ ಗಾಳಿ ಊದುವುದೂ ಸೆನ್ಸರಿಗೆ ಮರಣದಂಡನೆ. ದೋಣಿಯ ಹುಡುಗರು ಗಾಳಿ ಊದದೆ ಏನನ್ನೂ ಒಣಗಿಸುವುದಿಲ್ಲ, ಆದ್ದರಿಂದ ಅವರ ಕೈಗೆ ಕೊಡಲೇಬೇಡಿ.

ಇನ್ನೊಬ್ಬರಿಗೂ ಕೊಡಬೇಡಿ. "ಒಂದ ಡೈವಿಗೆ ಕೊಡ್ರೀ ಅಣ್ಣಾ" ಎಂದು ಕೇಳುವವರು ಪ್ರತಿ ದೋಣಿಯಲ್ಲೂ ಸಿಗುತ್ತಾರೆ. ಮೊದಲ ಡೈವ್ ನೀವು ಮಾಡಿ ಎರಡನೆಯದಕ್ಕೆ ಅವರಿಗೆ ಕೊಟ್ಟರೆ, ಯಂತ್ರ ನಿಮ್ಮ ನೈಟ್ರೋಜನ್ನನ್ನು ಅವರ ತಲೆಗೆ ಕಟ್ಟುತ್ತದೆ. ನಿಮ್ಮ ಹತ್ತಿರ ಲೆಕ್ಕವೇ ಇರುವುದಿಲ್ಲ. ಬಾಡಿಗೆಗೆ ತರುವವರು ಲಾಗ್ ತೆರೆದು ಹಿಂದಿನ ಡೈವ್ ಯಾವಾಗ ಆಗಿದೆ ಎಂದು ನೋಡಿಕೊಳ್ಳಿ. ಬೆಳಿಗ್ಗೆ ಬೇರೆಯವರ ಕೈಯಲ್ಲಿ ಇಳಿದದ್ದಿದ್ದರೆ ವಾಪಸ್ ಕೊಟ್ಟು ಬೇರೆ ಕೇಳಿ. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಗೋವಾದ ನೀರಿಗೆ ಇದು ಬೇಕೇ ಎಂಬುದು ಇನ್ನೂ ಉಳಿದಿದೆ. ಮುರ್ಡೇಶ್ವರದ ಆಚೆ ನೇತ್ರಾಣಿಗೆ ಹೋದರೆ 20 ಮೀಟರ್ ದಾಟಬಹುದು, ಯಂತ್ರಕ್ಕೂ ಮೊದಲಿನ ಅಚ್ಚಿನ ಕೋಷ್ಟಕದ ಪ್ರಕಾರ 20 ಮೀಟರಿನಲ್ಲೇ ಮೊದಲ ಡೈವಿಗೆ ಸುಮಾರು 45 ನಿಮಿಷ ಮಿತಿ, ಎರಡನೆಯದಕ್ಕೆ ಇನ್ನೂ ಕಡಿಮೆ. ಅಲ್ಲಿ ಬೇಕು. ಇಲ್ಲಿ? ಇಲ್ಲಿ ಯಂತ್ರದ ಕೈಪಟ್ಟಿಯ ವಿಷಯವೇ ಇತ್ಯರ್ಥವಾಗಿಲ್ಲ. ಚಳಿ ಸಮುದ್ರದ ದಪ್ಪ ಸೂಟಿನ ತೋಳಿನ ಮೇಲೆ ಕಟ್ಟಲೆಂದು ಮಾಡಿದ ಪಟ್ಟಿ ನಮ್ಮ 28 ಡಿಗ್ರಿ ನೀರಿನಲ್ಲಿ ಬರಿಗೈಗೆ ಕಟ್ಟಿದಾಗ ಒಂದು ಗೇಣು ಬಾಲ ಬಿಡುತ್ತದೆ, ದೋಣಿ ಏಣಿಗೆ ಸಿಕ್ಕಿಕೊಳ್ಳುತ್ತದೆ. ಕತ್ತರಿಸಿದರೆ ಮುಂದೆ ಸೂಟ್ ಹಾಕಿದ ದಿನ ಸಾಲುವುದಿಲ್ಲ. ಬಾಲ ಹಿಡಿದಿಡುವ ಪುಟ್ಟ ರಬ್ಬರ್ ಬಳೆ ಎಲ್ಲಕ್ಕಿಂತ ಮೊದಲು ಹರಿಯುತ್ತದೆ, ಬಿಡಿಯಾಗಿ ಕೇಳಿದರೆ ಇಡೀ ಪಟ್ಟಿಯನ್ನೇ ಕೊಳ್ಳಿ ಅನ್ನುತ್ತಾರೆ. ಹಳೆ ಸೈಕಲ್ ಟ್ಯೂಬನ್ನು ಅಡ್ಡಕ್ಕೆ 8 ಮಿ.ಮೀ. ಅಗಲಕ್ಕೆ ಕತ್ತರಿಸಿ ಎರಡು ಸುತ್ತು ಹಾಕಿ. ವಾಸ್ಕೋದ ಪಂಕ್ಚರ್ ಅಂಗಡಿಗಳಲ್ಲಿ ನಮ್ಮ ಕಡೆಯವರು ಸಿಗುತ್ತಾರೆ, ಕನ್ನಡದಲ್ಲಿ ಕೇಳಿದರೆ ಹರಿದ ಟ್ಯೂಬಿಗೆ ದುಡ್ಡು ತಗೊಳ್ಳುವುದಿಲ್ಲ.