ಬೆಂಜ್ ಲಾರಿಗೆ ನೆಗಡಿ

ನಮ್ಮ ಮಾವನ ಮನೆಯಲ್ಲಿ ಬೆಂಜ್ ಇದೆ. ಸಂಬಂಧ ಬೆಳೆಸಲು ಬಂದವರ ಮುಂದೆ ಮಾವ ಈ ಮಾತನ್ನು ಕಾಫಿ ಲೋಟ ಕೆಳಗಿಡುತ್ತಾ ಸಲೀಸಾಗಿ ಹೇಳುತ್ತಾರೆ. ಬಂದವರು ಕುತೂಹಲದಿಂದ ಶೆಡ್ಡಿಗೆ ಹೋಗಿ ನೋಡಿದರೆ ಅಲ್ಲಿ ಉದ್ದ ಮೂತಿಯ ಹಳೇ ಲಾರಿ, ಅದರ ಮೇಲೆ ಸಾಲಾಗಿ ಕೂತ ಕೋಳಿಗಳು.

ಮಾವ ಹೇಳಿದ್ದು ಸುಳ್ಳೇನಲ್ಲ. ಟಾಟಾದವರು ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿದ್ದು 1954ರಲ್ಲಿ. 1969ರಲ್ಲಿ ಆ ಒಪ್ಪಂದ ಮುಗಿದು ಮೂತಿಯ ಮೇಲಿನ ಬೆಂಜ್ ಗುರುತಿನ ನಕ್ಷತ್ರ ಹೋಯಿತು. ಮಾವನ ಗಾಡಿ ನಕ್ಷತ್ರದ ಕಾಲದ್ದು. 2021ರಲ್ಲಿ ಸರ್ಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ಪಟ್ಟ ಕೊಡುತ್ತದೆ ಅಂತ ಸುದ್ದಿ ಬಂದಾಗ ಮಾವ ಹಿಗ್ಗಿದ್ದರು. ಆಮೇಲೆ ಗೊತ್ತಾಯಿತು, ಅದು ಸ್ವಂತ ಬಳಕೆಯ ಎರಡು ಚಕ್ರ, ನಾಲ್ಕು ಚಕ್ರದವಕ್ಕೆ ಮಾತ್ರ. ಇದಕ್ಕೆ ಆರು ಚಕ್ರ. ಎರಡು ಚಕ್ರ ಜಾಸ್ತಿ ಇದ್ದದ್ದೇ ಅಪರಾಧವಾಯಿತು!

ಈ ಲಾರಿಗೆ ಹೋದ ಮಳೆಗಾಲದಲ್ಲಿ ನೆಗಡಿ ಹಿಡಿಯಿತು. ಮೂತಿಯ ಕೆಳಗೆ ತೊಟ್ಟು ತೊಟ್ಟು ನೀರು. ಸಕಲೇಶಪುರದ ಮಳೆಯಲ್ಲಿ ಯಾವುದು ಮಳೆನೀರು, ಯಾವುದು ರೇಡಿಯೇಟರ್ ನೀರು ಅಂತ ತಿಳಿಯುವುದೂ ಕಷ್ಟ. ಸೋರುತ್ತಿರುವುದು ವಾಟರ್ ಪಂಪ್ ಅಂತ ಖಚಿತವಾಗುವ ಹೊತ್ತಿಗೆ ಊರಿನ ಅರ್ಧ ಜನ ಶೆಡ್ಡಿನಲ್ಲಿದ್ದರು.

ಡ್ರೈವರ್ ಮೊದಲು ಅಡುಗೆಮನೆಗೆ ನುಗ್ಗಿ ಅರಿಶಿನದ ಡಬ್ಬಿ ತಂದ. ಇದು ಹೆದ್ದಾರಿಯ ಹಳೇ ಮದ್ದು. ರೇಡಿಯೇಟರಿನಲ್ಲಿ ಸಣ್ಣ ತೂತಿದ್ದರೆ ಪುಡಿ ಹೋಗಿ ಕೂತು ಊರು ಮುಟ್ಟಿಸುತ್ತದೆ. ಆದರೆ ಪಂಪಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಅರಿಶಿನ ಎಲ್ಲಿ ಕೂತೀತು? ಸೋರುವುದು ನಿಲ್ಲಲಿಲ್ಲ. ಬಣ್ಣ ಮಾತ್ರ ಹಳದಿಯಾಯಿತು. ಅತ್ತೆ ಖಾಲಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಆಗ ಪಕ್ಕದ ತೋಟದವರು ಟಾರ್ಚ್ ಹಾಕಿಕೊಂಡು ಕೆಳಗೆ ಮಲಗಿ, ‘ಸಿಕ್ತು!’ ಅಂತ ಕೂಗಿದರು. ಪಂಪಿನ ಹೊಟ್ಟೆಯಡಿ ಗುಂಡಗೆ ಒಂದು ತೂತು, ನೀರು ಅಲ್ಲಿಂದಲೇ. ‘ಇಷ್ಟು ನೀಟಾಗಿ ತೂತು ಬಿದ್ದಿದೆ, ಇಷ್ಟು ದಿನ ನೋಡಿಲ್ವಾ?’ ಅಂತ ಮಾವನನ್ನು ಗದರಿ, ಜೇಬಿನಿಂದ ಎಂ-ಸೀಲ್ ತೆಗೆದು, ನಾದಿ ಮೆತ್ತಿದರು. ಕೆಲವರ ಜೇಬಿನಲ್ಲಿ ಅದು ಯಾವಾಗಲೂ ಇರುತ್ತದೆ, ಯಾಕೆ ಅಂತ ಕೇಳಬಾರದು. ಸೋರುವುದು ನಿಂತಿತು. ಎಲ್ಲರಿಗೂ ಕಾಫಿ, ಕಡುಬು.

ಮುಂದಿನ ಸಂತೆಯ ಹೊತ್ತಿಗೆ ಲಾರಿ ಕಿರ್ರೋ ಅನ್ನತೊಡಗಿತು.

ಹಾಸನದಿಂದ ಬಂದ ಹಳೇ ಮೇಸ್ತ್ರಿ ಕೆಳಗೆ ಬಗ್ಗಿ ನೋಡಿ, ‘ಇದನ್ನ ಮುಚ್ಚಿದ ಪುಣ್ಯಾತ್ಮ ಯಾರು?’ ಅಂದರು. ಪುಣ್ಯಾತ್ಮರು ಆಕಾಶ ನೋಡಿದರು. ಆ ತೂತು ಬಿದ್ದದ್ದಲ್ಲ, ಕಂಪನಿಯವರೇ ಇಟ್ಟದ್ದು. ಪಂಪಿನ ಒಂದು ತುದಿಯಲ್ಲಿ ನೀರು ತಳ್ಳುವ ರೆಕ್ಕೆ, ಇನ್ನೊಂದು ತುದಿಯಲ್ಲಿ ಪುಲ್ಲಿ ಮತ್ತು ಫ್ಯಾನ್, ಮಧ್ಯೆ ಬೇರಿಂಗ್. ನೀರು ಬೇರಿಂಗ್ ಕಡೆ ಬರದಂತೆ ತಡೆಯುವುದು ಕಾರ್ಬನ್ ಸೀಲ್. ಅದು ಸವೆದಾಗ ನೀರು ಆ ತೂತಿನಿಂದ ಹೊರಗೆ ತೊಟ್ಟಿಕ್ಕಿ ‘ಸೀಲ್ ಬದಲಿಸಪ್ಪಾ’ ಅಂತ ಹೇಳುತ್ತದೆ. ಹೇಳುವ ಬಾಯಿಯನ್ನೇ ಮುಚ್ಚಿದರೆ ನೀರು ಬೇರಿಂಗಿಗೆ ನುಗ್ಗದೆ ಇನ್ನೇನು ಮಾಡುತ್ತದೆ? ಗ್ರೀಸ್ ತೊಳೆದುಹೋಗಿತ್ತು. ಇನ್ನಷ್ಟು ಓಡಿಸಿದ್ದರೆ ಶಾಫ್ಟ್ ಅಲುಗಾಡಿ ಫ್ಯಾನ್ ಹೋಗಿ ರೇಡಿಯೇಟರನ್ನೇ ಕೊರೆಯುತ್ತಿತ್ತಂತೆ.

ಬೋಲ್ಟ್‌ಗಳಿಗೆ ರಾತ್ರಿಯಿಡೀ ಸೀಮೆಎಣ್ಣೆ ಕುಡಿಸಿದ್ದಾಯಿತು. ಬೆಳಗ್ಗೆ ಎಲ್ಲವೂ ಮರ್ಯಾದೆಯಿಂದ ಬಿಚ್ಚಿಕೊಂಡವು, ಕೈ ಎಟುಕದ ಜಾಗದಲ್ಲಿದ್ದ ಒಂದನ್ನು ಬಿಟ್ಟು. ಅದು ತಲೆ ಕಳೆದುಕೊಂಡಿತು. ಅದನ್ನು ಕೊರೆದು ತೆಗೆಯುವಾಗ ಮೇಸ್ತ್ರಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸೀಲ್, ಬೇರಿಂಗ್ ತರಲು ಮಾವನ ಜೊತೆ ನಾನೂ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವರಿಗೆ ಮಾವ ಗತ್ತಿನಿಂದ ‘ಬೆಂಜ್‌ಗೆ ಬೇಕು’ ಅಂದರು. ಅವರು ಕುರ್ಚಿ ಎಳೆದು ಕೂರಿಸಿ, ಮಾಡೆಲ್ ಕೇಳಿದರು. ಮಾವ ಬ್ಯಾಗಿನಿಂದ ಹಳೇ ಸೀಲ್ ತೆಗೆದು ಮೇಜಿನ ಮೇಲಿಟ್ಟರು. ಕುರ್ಚಿ ವಾಪಸ್ ಹೋಗಲಿಲ್ಲ, ಆದರೆ ಬರುತ್ತಿದ್ದ ಟೀ ಬರಲಿಲ್ಲ.

ಪಂಪ್ ಕೂರುವ ಸಂದಿಯಲ್ಲಿ ನೀರು ಸೋರದಂತೆ ಇಡುವ ಗ್ಯಾಸ್ಕೆಟ್ ಮಾತ್ರ ಸಿಗಲಿಲ್ಲ. ಮಾವ ಮನೆಗೆ ಬಂದ ದಪ್ಪನೆಯ ಲಗ್ನಪತ್ರಿಕೆ ಕೊಟ್ಟರು. ‘ನೀರಿಗೆ ತಡೆಯಲ್ಲ’ ಅಂದ ಮೇಸ್ತ್ರಿ ಅದನ್ನು ಅಳತೆಗೆ ಮಾತ್ರ ಬಳಸಿದರು. ಪಂಪಿನ ಅಂಚಿಗೆ ಕಾರ್ಡ್ ಒತ್ತಿ ಹಿಡಿದು, ಗುಂಡು ತಲೆಯ ಸುತ್ತಿಗೆಯಿಂದ ಟಕಟಕ ತಟ್ಟಿದರೆ ಅಚ್ಚು ತಾನೇ ಮೂಡುತ್ತದೆ. ವರನ ಡಿಗ್ರಿಯ ಮೇಲೆ ಬೋಲ್ಟ್ ತೂತು ಬಂತು, ವಧುವಿನ ಸೋದರಮಾವಂದಿರು ಪೂರ್ತಿ ನೀರಿನ ದಾರಿಗೆ ಹೋದರು. ಅದೇ ಅಳತೆಯಲ್ಲಿ ಗ್ಯಾಸ್ಕೆಟ್ ಶೀಟ್ ಕತ್ತರಿಸಿ ಕೂರಿಸಿದರು.

ನೀರು ತುಂಬಿ ಸ್ಟಾರ್ಟ್ ಮಾಡಿದರೆ ಕಿರ್ರೋ ಇಲ್ಲ. ಕೋಳಿಗಳು ಮಾತ್ರ ಹಾರಿದವು. ಅಷ್ಟರಲ್ಲಿ ತೂತಿನಿಂದ ಒಂದು ಹನಿ ಇಳಿಯಿತು. ಹೊಸ ಸೀಲ್ ಸರಿಯಾಗಿ ಕೂರುವವರೆಗೆ ಸ್ವಲ್ಪ ಜಿನುಗಬಹುದು, ಸುಮ್ನೆ ಬಿಡಿ ಅಂದರು ಮೇಸ್ತ್ರಿ. ಪಕ್ಕದ ತೋಟದವರ ಕೈ ಆಗಲೇ ಜೇಬಿನ ಹತ್ತಿರ ಹೋಗಿತ್ತು.

ಮೇಸ್ತ್ರಿ ಹೊರಡುವಾಗ ಮಾವನಿಂದ ಕೂಲಿ ತೆಗೆದುಕೊಂಡರು, ಪಕ್ಕದ ತೋಟದವರಿಂದ ಎಂ-ಸೀಲ್ ತೆಗೆದುಕೊಂಡರು.